ತಮ್ಮನ ಗುಲಾಬಿಗೂ ನನಗೂ ಒಂದೇ ಔಷಧಿ

ಕಫದಲ್ಲಿ ರಕ್ತ ಕಂಡ ಬೆಳಗ್ಗೆ ನಾನು ಮೊದಲು ಮಾಡಿದ ಕೆಲಸ ಸಿಂಕ್ ತೊಳೆದದ್ದು. ಒಮ್ಮೆ ತೊಳೆದು, ಸಾಲದು ಅನ್ನಿಸಿ ಪುಡಿ ಹಾಕಿ ಮತ್ತೆ ಉಜ್ಜಿದೆ. ನನ್ನ ಗಂಡ ಶಂಕರ್ ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತಿದ್ದವರು "ಇವತ್ತು ಕಾಫಿ ಉಂಟೋ ಇಲ್ವೋ?" ಅಂದರು. "ಬಂದೆ ಇರ್ರೀ" ಅಂದೆ. ನಾನು ಜೀವಮಾನವಿಡೀ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದವಳು. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದವರ ಕಾಗದಪತ್ರ ನೋಡಿದಾಗೆಲ್ಲ, ಓದಿದವರಿಗೂ ಇಷ್ಟು ಬುದ್ಧಿ ಇಲ್ಲವಲ್ಲ ಅಂತ ಗೊಣಗುತ್ತಿದ್ದವಳು. ನನ್ನ ಸರದಿ ಬಂದಾಗ ನಾನೂ ಮುಚ್ಚಿಟ್ಟೆ, ಅದೂ ಮನೆಯವರಿಂದಲೇ.

ಮೂರನೆಯ ಸಲ ರಕ್ತ ಬಂದಾಗ ಶಂಕರ್ ಪಕ್ಕದಲ್ಲೇ ನಿಂತಿದ್ದರು. ಅವರ ಕೈಯಲ್ಲಿದ್ದ ಟವೆಲ್ ಹಾಗೇ ಕೆಳಗೆ ಬಿತ್ತು. ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದೊಡ್ಡ ದೊಡ್ಡ ಯಂತ್ರಗಳ ಮುಂದೆ ನಿಂತ ಮನುಷ್ಯ, ನನ್ನ ಮುಂದೆ ನಿಲ್ಲಲಾರದೆ ಬಚ್ಚಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಮತ್ತೆ ಬಂತಾ ರತ್ನ?" ಅಂದರು.

ಮತ್ತೆ ಅಂದರೆ ಟಿ.ಬಿ. ಮದುವೆಯಾದ ಹೊಸದರಲ್ಲಿ ನನಗೆ ಟಿ.ಬಿ. ಬಂದಿತ್ತು. ಮಾತ್ರೆ ನುಂಗಿ ವಾಸಿಯಾಗಿತ್ತು. ಆದರೆ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪೊಟರೆ ಉಳಿದುಹೋಗಿತ್ತು. ಅದು ಇದ್ದರೂ ಏನೂ ತೊಂದರೆ ಇಲ್ಲ ಎಂದು ಆಗಿನ ಡಾಕ್ಟರು ಹೇಳಿದ್ದರು. ನಾನೂ ಅದನ್ನು ಮರೆತು, ಇಬ್ಬರು ಮಕ್ಕಳನ್ನು ಹೆತ್ತು, ಅವರ ಮದುವೆ ಮಾಡಿ, ಪಿಂಚಣಿಗೆ ಬಂದಿದ್ದೆ.

ನಮ್ಮ ಬೀದಿಯ ಡಾಕ್ಟರೂ ಟಿ.ಬಿ. ಇರಬಹುದು ಅಂದರು. ಕಫದ ಪರೀಕ್ಷೆ ಆಯಿತು, ಟಿ.ಬಿ. ಇಲ್ಲ ಎಂದು ಬಂತು. ಇನ್ನೊಮ್ಮೆ ಮಾಡಿಸಿದರೂ ಇಲ್ಲ. ಇಲ್ಲ ಅಂದರೆ ಸಂತೋಷಪಡಬೇಕು ತಾನೆ? ಆದರೆ ನನ್ನ ಕುಪ್ಪಸಗಳು ದಿನೇ ದಿನೇ ಸಡಿಲವಾಗುತ್ತಿದ್ದವು, ಒಂದು ಮಹಡಿ ಹತ್ತಿದರೆ ಗೋಡೆ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು. ಹೆಸರಿಲ್ಲದ ಕಾಯಿಲೆಗಿಂತ ಟಿ.ಬಿ.ಯೇ ವಾಸಿ ಅನ್ನಿಸಿತ್ತು. ಅದಾದರೆ ಗೊತ್ತಿದ್ದ ಶತ್ರು.

ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಎದೆ ವಿಭಾಗದ ಮುಂದಿನ ಬೆಂಚುಗಳಲ್ಲಿ ಎಲ್ಲರೂ ಕೆಮ್ಮುವವರೇ. ಒಬ್ಬರು ಶುರು ಮಾಡಿದರೆ ಸಾಲಾಗಿ ಎಲ್ಲರಿಗೂ ಬರುತ್ತಿತ್ತು. ಅಲ್ಲಿ ನನಗೆ ಪರಿಚಯವಾದವರು ಜುಬೇದಾ. ತಮ್ಮ ಯಜಮಾನರ ಆಸ್ತಮಾಗೆ ವರ್ಷಗಟ್ಟಲೆ ಅಲ್ಲಿಗೆ ಬರುತ್ತಿದ್ದವರು. ಯಾವ ಕೌಂಟರಿನಲ್ಲಿ ಯಾವ ಚೀಟಿ, ಯಾವ ಲಿಫ್ಟ್ ಕೆಟ್ಟಿದೆ, ಎಲ್ಲ ಅವರಿಗೆ ಬಾಯಿಪಾಠ. ನಾನು ಫೈಲ್ ತಬ್ಬಿಕೊಂಡು ಕೂತದ್ದನ್ನು ನೋಡಿ, "ಟೆನ್ಶನ್ ನಕ್ಕೋ ಅಕ್ಕಾ, ಟೆನ್ಶನ್ ಬೇಡ, ನಿಮ್ ನಂಬರ್ ಬರಕ್ಕೆ ಇನ್ನೂ ಟೈಮಿದೆ, ಒಂದು ಬನ್ ತಿನ್ನಿ" ಎಂದು ಅರ್ಧ ಮುರಿದು ಕೊಟ್ಟರು. ಅವತ್ತು ಬೆಳಗಿನಿಂದ ಏನೂ ತಿಂದಿರಲಿಲ್ಲ. ಆ ಅರ್ಧ ಬನ್ನಿನ ಋಣ ನನ್ನ ಮೇಲಿದೆ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಹಳೆಯ ಪೊಟರೆಯೊಳಗೆ ಗೋಲಿಯ ಹಾಗೆ ಕೂತಿದ್ದ ಬಿಳಿಯ ಉಂಡೆಯನ್ನು ತೋರಿಸಿದರು.

"ಇದು ಟಿ.ಬಿ. ಅಲ್ಲಮ್ಮ, ಕ್ಯಾನ್ಸರೂ ಅಲ್ಲ. ಫಂಗಸ್. ಬ್ರೆಡ್ ಮೇಲೆ ಬೂಷ್ಟು ಬರುತ್ತಲ್ಲ, ಆ ಜಾತೀದು. ಖಾಲಿ ಜಾಗ ಸಿಕ್ತು ಅಂತ ಬಂದು ಮನೆ ಮಾಡ್ಕೊಂಡಿದೆ."

"ಬೂಷ್ಟು ತಾನೆ!" ಅಂದರು ಶಂಕರ್. ಅವರಿಗೆ ಎಷ್ಟು ಹಗುರವಾಯಿತೆಂದರೆ, ವಾಪಸು ಬರುವಾಗ ಹಲಸೂರಿನಲ್ಲಿ ಆಟೋ ನಿಲ್ಲಿಸಿ ಮಸಾಲೆ ದೋಸೆ ಕೊಡಿಸಿದರು. ಉಪ್ಪಿನಕಾಯಿ ಜಾಡಿಗೆ ಬರುವ ಬೂಷ್ಟನ್ನು ಚಮಚದಲ್ಲಿ ತೆಗೆದು ಬಿಸಾಡುವವಳಿಗೆ ಇದೇನು ಮಹಾ ಅಂತ ನನಗೂ ಅನ್ನಿಸಿತು. ಇಬ್ಬರೂ ಚಟ್ನಿ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು.

ಕ್ಯಾಪ್ಸೂಲ್ ಶುರುವಾಯಿತು. ಬೆಳಗ್ಗೆ ಒಂದು, ರಾತ್ರಿ ಒಂದು, ಹೊಟ್ಟೆ ತುಂಬಾ ತಿಂದ ಮೇಲೆ. ಕಾಲು ಊದಿತು, ಬಾಯಿ ರುಚಿ ಕೆಟ್ಟಿತು. ಇರಲಿ, ವಾಸಿಯಾಗುತ್ತದಲ್ಲ ಎಂದು ನುಂಗಿದೆ. ತಿಂಗಳುಗಳು ಕಳೆದರೂ ವಾಸಿಯಾಗಲಿಲ್ಲ. ತೂಕದ ಯಂತ್ರದ ಮೇಲೆ ನಿಂತಾಗ ಡಾಕ್ಟರಮ್ಮನ ಮುಖ ನೋಡುವುದನ್ನು ಕಲಿತೆ. ಅವರು ಹುಬ್ಬು ಅಲ್ಲಾಡಿಸದೆ ಬರೆದುಕೊಂಡರೆ ಇಳಿದಿದೆ ಎಂದು ಅರ್ಥ. ಒಂದು ದಿನ ನೆಂಟರ ಮನೆಯ ನಾಮಕರಣದಲ್ಲಿ ಊಟಕ್ಕೆ ಕೂತಿದ್ದಾಗ ಕೆಮ್ಮು ಬಂದು, ಬಾಯಿಗೆ ಒತ್ತಿಕೊಂಡ ಕರವಸ್ತ್ರವೆಲ್ಲ ಕೆಂಪಾಯಿತು. ಪಕ್ಕದ ಎಲೆಯಾಕೆ ಮೆಲ್ಲಗೆ ಎದ್ದು ಬೇರೆ ಸಾಲಿಗೆ ಹೋದರು. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಅವಮಾನವಾಯಿತು, ಅಳು ಬಂತು, ಎದ್ದು ಮನೆಗೆ ಬಂದೆ.

ಆಮೇಲೆ ಡಾಕ್ಟರಮ್ಮ ನನ್ನ ಕಫವನ್ನು ಬೇರೊಂದು ಲ್ಯಾಬಿಗೆ ಕಳಿಸಿದರು. ಅಲ್ಲಿ ಆ ಬೂಷ್ಟನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಾರಂತೆ. ರಿಪೋರ್ಟು ಬರುವ ದಿನ ಶಂಕರ್‌ಗೆ ಜ್ವರ. ನನ್ನ ಜೊತೆ ಬಂದವನು ತಮ್ಮ ಮುನಿರಾಜು.

ಇಲ್ಲಿ ಅವನ ವಿಷಯ ಹೇಳಬೇಕು. ನಮ್ಮ ತವರು ಕಗ್ಗದಾಸಪುರ. ಅದು ಊರಾಗಿದ್ದಾಗ ನಮ್ಮಪ್ಪ ಅಲ್ಲಿ ಹೂವು ಬೆಳೆಯುತ್ತಿದ್ದರು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮುನಿರಾಜು ಮಾತ್ರ ಹೂವು ಬಿಡಲಿಲ್ಲ. ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು, ಹಾರಕ್ಕೆ ಹಾಕುವ ಬಟನ್ ಗುಲಾಬಿ ಬೆಳೆಯುತ್ತಾನೆ. ಶುಕ್ರವಾರ ಶುಕ್ರವಾರ ಮುಂಜಾನೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೂವು ಹಾಕಿ, ಹಿಂದಿರುಗುವಾಗ ಇಂದಿರಾನಗರದ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ಒಂದು ಚೀಲ ಕೊಡುತ್ತಿದ್ದ. "ಅಕ್ಕ, ತವರುಮನೆ ಹೂವು" ಎನ್ನುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅದೇ ನನ್ನ ಬಾಗಿನ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ದೇವರು ಅಂಗಡಿ ಹೂವು ಮುಡಿದದ್ದು ಕಡಿಮೆ.

ಡಾಕ್ಟರಮ್ಮ ರಿಪೋರ್ಟನ್ನು ಬಹಳ ಹೊತ್ತು ನೋಡಿದರು. "ಅಮ್ಮ, ನೀವು ತಗೋತಿರೋ ಕ್ಯಾಪ್ಸೂಲ್ ಇದಕ್ಕೆ ತಾಕ್ತಾನೇ ಇಲ್ಲ. ಇದರ ಮೇಲಿನ ಔಷಧಿ ಕೊಡೋಣ ಅಂದ್ಕೊಂಡಿದ್ದೆ, ಅದಕ್ಕೂ ಬಗ್ತಿಲ್ಲ" ಅಂದವರು, "ಮನೇಲಿ ಯಾರಾದ್ರೂ ಬೆಳೆ ಬೆಳೀತೀರಾ?" ಎಂದು ಕೇಳಿದರು.

"ನಾನು ಗುಲಾಬಿ ಬೆಳೀತೀನಿ ಮೇಡಂ" ಅಂದ ಮುನಿರಾಜು, ಸ್ವಲ್ಪ ಹೆಮ್ಮೆಯಿಂದಲೇ.

"ಬೂದಿ ರೋಗಕ್ಕೆ ಏನು ಹೊಡೀತೀರಿ?"

ಅವನು ಫೋನ್ ತೆಗೆದು ಔಷಧಿ ಬಾಟಲಿಯ ಫೋಟೋ ತೋರಿಸಿದ. ಅಂಗಡಿಗೆ ಹೋದಾಗ ಹೆಸರು ಮರೆಯಬಾರದೆಂದು ಇಟ್ಟುಕೊಂಡಿದ್ದದ್ದು. ಡಾಕ್ಟರಮ್ಮ ಅದನ್ನು ದೊಡ್ಡದು ಮಾಡಿ ನೋಡಿ, ಫೋನ್ ವಾಪಸು ಕೊಟ್ಟರು. "ಇದೂ ನಿಮ್ಮಕ್ಕ ತಗೋತಿರೋದೂ ದಾಯಾದಿಗಳು. ಒಂದೇ ಮನೆತನದ ಔಷಧಿ. ನೀವು ಹೊಡೆಯೋದು ಗಿಡದ ರೋಗಕ್ಕೆ. ಆದ್ರೆ ಮಣ್ಣಲ್ಲಿ, ಕೊಳೆತ ಎಲೇಲಿ ಈ ಬೂಷ್ಟೂ ಇರುತ್ತೆ. ವರ್ಷಪೂರ್ತಿ ಔಷಧಿ ಕುಡಿದೂ ಕುಡಿದೂ ಅದನ್ನ ಅರಗಿಸ್ಕೊಳ್ಳೋದು ಕಲಿತ್ಬಿಡುತ್ತೆ. ಹಾಗೆ ಕಲಿತದ್ದು ಗಾಳೀಲಿ ಬಂದು ಎದೆ ಸೇರಿದ್ರೆ, ನಮ್ಮ ಮಾತ್ರೆಗೆ ಹೆದರಲ್ಲ."

ಆಮೇಲೆ, ಮನೆಯಲ್ಲಿ ಗೊಬ್ಬರ ಮಾಡುತ್ತೀರಾ ಎಂದು ನನ್ನನ್ನು ಕೇಳಿದರು.

ದೇವರಿಗೇರಿಸಿದ ಹೂವನ್ನು ತುಳಿಯಬಾರದು ಎಂದು ನಮ್ಮಮ್ಮ ಕಲಿಸಿದ್ದರು. ಊರಿನಲ್ಲಿದ್ದಾಗ ನಿರ್ಮಾಲ್ಯವನ್ನು ಬಾವಿಗೋ ಗಿಡದ ಬುಡಕ್ಕೋ ಹಾಕುತ್ತಿದ್ದೆವು. ಇಲ್ಲಿ ಬಾವಿ ಎಲ್ಲಿದೆ? ಕಸದ ಗಾಡಿಗೆ, ಮೀನಿನ ಮುಳ್ಳು, ಡಯಾಪರ್‌ಗಳ ಜೊತೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಅದಕ್ಕೆ ತಾರಸಿಯ ಮೇಲೆ ಒಂದು ನೀಲಿ ಡ್ರಮ್ ಇಟ್ಟು, ತಮ್ಮ ತಂದ ಗುಲಾಬಿಯೆಲ್ಲ ಬಾಡಿದ ಮೇಲೆ ಅದಕ್ಕೆ ಹಾಕುತ್ತಿದ್ದೆ. ಸ್ನಾನ ಮಾಡಿ, ಬರಿಗೈಯಲ್ಲಿ, ಡ್ರಮ್ಮಿನೊಳಗೆ ತಲೆ ಬಗ್ಗಿಸಿ ಅದನ್ನು ಕೆದಕುತ್ತಿದ್ದೆ. ದೇವರ ಹೂವಿಗೆ ಕೋಲು ಹಾಕಬಾರದಲ್ಲ. ಒಣಗಿದ್ದಾಗ ಹೊಗೆಯ ಹಾಗೆ ಧೂಳು ಏಳುತ್ತಿತ್ತು. ಆ ಗೊಬ್ಬರವನ್ನು ನನ್ನ ತುಳಸಿಗೆ ಹಾಕಿ, ಬೀದಿಯ ಹೆಂಗಸರಿಗೂ ಕವರಿನಲ್ಲಿ ಹಂಚುತ್ತಿದ್ದೆ.

"ಅದ್ರಿಂದಾನೇ ಬಂತಾ ಡಾಕ್ಟರೇ?"

"ಹೇಳಕ್ಕಾಗಲ್ಲಮ್ಮ. ಗಾಳೀಲಿ ಎಲ್ಲ ಕಡೆ ಇದೆ. ನಾನೂ ಉಸಿರಾಡ್ತಿದ್ದೀನಿ, ನಿಮ್ಮ ತಮ್ಮನೂ ಉಸಿರಾಡ್ತಿದ್ದಾರೆ. ನಿಮ್ಮೆದೇಲಿ ಜಾಗ ಇತ್ತು, ಅಷ್ಟೆ."

ಹಾಗಾದರೆ ಯಾರನ್ನು ಬೈಯಲಿ? ನನಗೆ ಯಾರನ್ನಾದರೂ ಬೈಯಬೇಕಾಗಿತ್ತು. ಕಾರು ಗುದ್ದಿದ್ದರೆ ಡ್ರೈವರನ್ನು ಬೈಯಬಹುದಿತ್ತು. ಇಲ್ಲಿ ನಮ್ಮಮ್ಮನ ಮಾತು, ತಮ್ಮನ ಪ್ರೀತಿ, ದೇವರ ಹೂವು, ಇಷ್ಟೇ ಇದ್ದವು.

ಮುನಿರಾಜು ಮನೆಯ ಮುಂದೆ ವ್ಯಾನ್ ನಿಲ್ಲಿಸಿ, ಸ್ಟಿಯರಿಂಗ್ ನೋಡುತ್ತಲೇ ಕೇಳಿದ: "ನಾನೇ ತಂದು ಕೊಟ್ಟೆ ಅಲ್ವಾ ಅಕ್ಕ?"

"ಬಾಯ್ಮುಚ್ಕೊಂಡು ಒಳಗ್ ಬಾ. ಅನ್ನ ಸಾರಿದೆ, ತಿನ್ಕೊಂಡ್ ಹೋಗು" ಅಂದೆ. ಅವನು ಒಳಗೆ ಬರಲಿಲ್ಲ. ಮುಂದಿನ ಶುಕ್ರವಾರ ಹೂವೂ ಬರಲಿಲ್ಲ. ಶಂಕರ್ ಮುಖಕ್ಕೆ ಎರಡು ಮಾಸ್ಕ್ ಕಟ್ಟಿಕೊಂಡು ಡ್ರಮ್ಮಿಗೆ ನೀರು ಸುರಿದು, ಒದ್ದೆ ಗೊಬ್ಬರವನ್ನು ಚೀಲಕ್ಕೆ ತುಂಬಿ ಸಾಗಿಸಿದರು. ನಾನು ಬೀದಿಯ ಹೆಂಗಸರಿಗೆಲ್ಲ ಫೋನ್ ಮಾಡಿ, ನಾನು ಕೊಟ್ಟ ಗೊಬ್ಬರ ಮುಟ್ಟಬೇಡಿ ಅಂದೆ. ಒಬ್ಬರು "ಅಯ್ಯೋ, ಅದ್ರಲ್ಲಿ ಮೆಣಸಿನಗಿಡ ಎಷ್ಟು ಚೆನ್ನಾಗ್ ಬಂದಿದೆ ಗೊತ್ತಾ!" ಅಂದರು.

ಉಳಿದ ದಾರಿ ಒಂದೇ, ರಕ್ತನಾಳಕ್ಕೆ ಡ್ರಿಪ್‌ನಲ್ಲಿ ಕೊಡುವ ಹಳೆಯ ಕಾಲದ ಬಿರುಸು ಔಷಧಿ. ಆಪರೇಷನ್ ಮಾಡಿ ಉಂಡೆ ತೆಗೆಯೋಣವೆಂದರೆ ಮಿಕ್ಕ ಶ್ವಾಸಕೋಶ ಅದನ್ನು ತಡೆಯುವಷ್ಟು ಗಟ್ಟಿಯಿಲ್ಲ. ಆಸ್ಪತ್ರೆಗೆ ಸೇರಿದೆ. ಡ್ರಿಪ್ ಹಾಕಿ ಸ್ವಲ್ಪ ಹೊತ್ತಿಗೆ ನಡುಕ ಹತ್ತುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು, ಮಂಚವೇ ಅಲ್ಲಾಡುತ್ತಿತ್ತು, ಮೂರು ಕಂಬಳಿ ಹೊದಿಸಿದರೂ ಚಳಿ ಎಲುಬಿನೊಳಗಿಂದಲೇ ಬರುತ್ತಿತ್ತು. ಅಲ್ಲಿದ್ದ ತಮಿಳು ನರ್ಸ್ ಒಬ್ಬಳು ನನ್ನ ಪಾದಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೊಂಜ ನೇರಂ ತಾನ್ ಅಮ್ಮಾ" ಎನ್ನುತ್ತಿದ್ದಳು, ಸ್ವಲ್ಪ ಹೊತ್ತು ಅಷ್ಟೇ ಎಂದು. ಅವಳ ಡ್ಯೂಟಿ ಇಲ್ಲದ ದಿನ ಡ್ರಿಪ್ ಬೇಡ ಎಂದು ನಾನು ಮಗುವಿನ ಹಾಗೆ ಹಟ ಮಾಡಿದ್ದೂ ಉಂಟು. ಈ ಔಷಧಿ ತೆಗೆದುಕೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು ಹೇಳುತ್ತೇನೆ: ನಡುಕ ನಿಲ್ಲುತ್ತದೆ. ನಿಲ್ಲುವುದಿಲ್ಲ ಅನ್ನಿಸುತ್ತದೆ, ಆದರೆ ನಿಲ್ಲುತ್ತದೆ.

ರಕ್ತ ಬರುವುದು ಕಡಿಮೆಯಾಯಿತು. ಅಷ್ಟರಲ್ಲಿ ಮೂತ್ರಪಿಂಡ ತಕರಾರು ತೆಗೆಯಿತು. ಡ್ರಿಪ್ ನಿಲ್ಲಿಸಿ ಮನೆಗೆ ಕಳಿಸಿದರು. ಉಂಡೆ ಇನ್ನೂ ಅಲ್ಲೇ ಇದೆ, ಕೋಪಿಸಿಕೊಂಡಾಗ ಮತ್ತೆ ಡ್ರಿಪ್, ಮೂತ್ರಪಿಂಡ ಒಪ್ಪುವಷ್ಟು ಕಾಲ.

ನಾನು ಮನೆಗೆ ಬಂದ ವಾರ ಮುನಿರಾಜುವಿನ ಹೆಂಡತಿ ಪದ್ಮ ಒಬ್ಬಳೇ ಬಂದಳು. ಕಾಫಿ ಕೊಟ್ಟರೆ ಕುಡಿಯದೆ, ಬ್ಯಾಗಿನಿಂದ ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಕವರ್ ತೆಗೆದು ದೂರದಿಂದಲೇ ತೋರಿಸಿದಳು. ಒಳಗೆ ಗುಲಾಬಿಯ ಎಲೆಗಳು, ವಿಭೂತಿ ಬಳಿದ ಹಾಗೆ ಬೆಳ್ಳಗಾಗಿದ್ದವು. ಮೊಗ್ಗುಗಳೂ ಮುರುಟಿಕೊಂಡು ಬೆಳ್ಳಗಾಗಿದ್ದವು.

"ಆವತ್ತು ಆಸ್ಪತ್ರೆಯಿಂದ ಬಂದೋರು ಔಷಧಿ ಕ್ಯಾನ್ ಮುಟ್ಟಿಲ್ಲ ಅಕ್ಕ. ಬೇವಿನೆಣ್ಣೆ ಹೊಡೀತಾರೆ, ಮಜ್ಜಿಗೆ ಹೊಡೀತಾರೆ. ತೋಟ ಪೂರ್ತಿ ಹೋಗ್ತಾ ಇದೆ. ಅಕ್ಕನ್ನ ಸಾಯ್ಸಿ ಹೂವು ಬೆಳೀಲಾ ಅಂತಾರೆ. ನಾನೇನ್ ಹೇಳ್ಲಿ?" ಅಷ್ಟು ಹೇಳಿ ಅತ್ತಳು. "ನಿಮ್ ಮಾತು ಬಿಟ್ರೆ ಅವ್ರು ಯಾರ ಮಾತೂ ಕೇಳಲ್ಲ. ಆದ್ರೆ ನಿಮ್ಮನ್ನೇ ಹೇಗ್ ಕೇಳ್ಲಿ ಇದನ್ನ?"

ನಿಜ ಹೇಳುತ್ತೇನೆ, ಅವಳು ಹೋದ ಮೇಲೆ ನನಗೆ ಮೊದಲು ಆದದ್ದು ಸಂತೋಷ. ನನಗೋಸ್ಕರ ಒಬ್ಬ ತೋಟವನ್ನೇ ಬಿಡುತ್ತಿದ್ದಾನಲ್ಲ ಎಂದು. ಅದರ ಹಿಂದೆಯೇ ಆಸೆಯೂ ಬಂತು. ಅವನು ಬಿಟ್ಟರೆ ನನ್ನ ಕ್ಯಾಪ್ಸೂಲ್ ಮತ್ತೆ ಕೆಲಸ ಮಾಡಬಹುದೇನೋ. ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ಅದನ್ನೇ ಕೇಳಿದೆ.

ಅವರು ಪೆನ್ ಕೆಳಗಿಟ್ಟರು. "ಇಲ್ಲಮ್ಮ. ನಿಮ್ಮೊಳಗಿರೋದು ಕಲ್ತಾಗಿದೆ, ಇನ್ನು ಮರೆಯಲ್ಲ. ಹೊರಗಡೇನೂ ಅಷ್ಟೆ, ಒಬ್ರು ಬಿಟ್ರೆ ಏನೂ ಆಗಲ್ಲ. ಪಕ್ಕದ ತೋಟದವ್ರು ಹೊಡೀತಾರೆ, ಅದರಾಚೆ ದ್ರಾಕ್ಷಿಗೆ ಹೊಡೀತಾರೆ. ಎಲ್ಲರೂ ಸೇರಿ ಬಿಡಬೇಕು, ಅವರಿಗೆ ಬೇರೆ ದಾರಿ ಕೊಡೋರು ಬೇಕು."

"ಎಲ್ಲರೂ ಯಾವಾಗ್ ಬಿಡ್ತಾರೆ?"

ಅವರು ಎದ್ದು ಬಾಗಿಲವರೆಗೆ ನನ್ನ ಜೊತೆ ಬಂದರು. ಹಾಗೆ ಅವರು ಯಾರ ಜೊತೆಯೂ ಬಂದದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಭಾನುವಾರ ಶಂಕರ್ ಜೊತೆ ಕಾರಿನಲ್ಲಿ ತೋಟಕ್ಕೆ ಹೋದೆ. ಮಾಸ್ಕ್ ಕಟ್ಟಿಕೊಂಡು, ಗಾಜು ಏರಿಸಿಕೊಂಡು ಒಳಗೇ ಕೂತೆ. ಮಣ್ಣಿನ ಹತ್ತಿರ ಹೋಗಬಾರದು ಎಂದು ನನಗೆ ಕಟ್ಟಪ್ಪಣೆ. ಮಣ್ಣಿನಲ್ಲೇ ಹೊರಳಾಡಿ ಬೆಳೆದವಳು ನಾನು. ಎದುರಿಗೆ ಪಕ್ಕದವರ ತೋಟ ಕೆಂಪಗೆ ಅರಳಿ ನಿಂತಿತ್ತು. ಅಲ್ಲಿ ಇಬ್ಬರು ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದರು. ಗಾಳಿ ಆ ಹನಿಯನ್ನು ಈ ಕಡೆಗೇ ತರುತ್ತಿತ್ತು. ಮುನಿರಾಜುವಿನ ಸಾಲುಗಳು ಬೂದಿ ಬಡಿದು ನಿಂತಿದ್ದವು. ಅವನು ಒಂದೊಂದೇ ಗಿಡದ ರೋಗದ ರೆಂಬೆ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದ. ನಮ್ಮಪ್ಪನ ಹಾಗೇ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಬಗ್ಗಿದ್ದ.

ಕಾರು ನೋಡಿ ಓಡಿ ಬಂದು, ಹತ್ತು ಹೆಜ್ಜೆ ದೂರದಲ್ಲೇ ನಿಂತುಕೊಂಡ. "ಇಲ್ಲಿಗ್ಯಾಕ್ ಬಂದೆ ಅಕ್ಕ? ಭಾವ, ನೀವಾದ್ರೂ ಹೇಳ್ಬಾರ್ದಾ? ಮೈಯೆಲ್ಲ ಧೂಳು ನಂದು!"

ಗಾಜನ್ನು ಬೆರಳಷ್ಟು ಇಳಿಸಿದೆ. "ಮುನಿ, ಔಷಧಿ ಹೊಡಿ."

"ಆಗಲ್ಲ."

"ನೀನು ಬಿಟ್ರೂ ನಂಗೆ ವಾಸಿಯಾಗಲ್ಲ ಕಣೋ. ಡಾಕ್ಟರನ್ನ ಕೇಳಿದೀನಿ. ನನ್ನ ಎದೇಲಿರೋದು ಇರುತ್ತೆ. ನಿನ್ನ ತೋಟಾನಾದ್ರೂ ಉಳೀಲಿ."

"ಬೇರೆ ಯಾರಿಗಾದ್ರೂ ಹಿಂಗೇ ಆದ್ರೆ?"

ನಾನು ಪಕ್ಕದ ತೋಟದವರ ಕಡೆ ನೋಡಿದೆ, ಅವನೂ ನೋಡಿದ. "ಗೊತ್ತಿಲ್ಲ ಮುನಿ. ನಂಗೇನೂ ಗೊತ್ತಾಗ್ತಿಲ್ಲ. ಹೊಡಿ" ಅಂದೆ. ನನ್ನನ್ನು ಕೊಲ್ಲುತ್ತಿರುವುದಕ್ಕೆ ನಾನೇ ಹೂಂ ಅಂದು ಬಂದೆನಲ್ಲ ಎಂದು ಕೆ.ಆರ್. ಪುರದ ಸೇತುವೆ ದಾಟುವವರೆಗೂ ಅತ್ತೆ.

ಅವನು ಹೊಡೆದ. ಪದ್ಮ ಫೋನಿನಲ್ಲಿ ಹೇಳಿದಳು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆದ. ಆಮೇಲೆ ಒಂದು ಸಂಜೆ, ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು, ಬರಿಗೈಯಲ್ಲಿ ನಮ್ಮ ಮನೆಗೆ ಬಂದ. ಬಹಳ ದಿನಗಳ ಮೇಲೆ ಒಳಗೆ ಬಂದು ಊಟದ ಮೇಜಿನ ಮುಂದೆ ಕೂತ. ನಾನು ಅನ್ನ ಬಡಿಸಿದೆ. ಕಲಸಿದ, ತಿನ್ನಲಿಲ್ಲ.

"ತೋಟ ಹೇಗಿದೆ?"

"ಹಿಡೀತಾ ಇಲ್ಲ ಅಕ್ಕ."

"ಏನು ಹಿಡೀತಿಲ್ಲ?"

"ಔಷಧಿ. ಮುಂಚೆ ಒಂದ್ಸಲ ಹೊಡೆದ್ರೆ ಬೂದಿ ಉದುರೋಗೋದು. ಈಗ ಡಬಲ್ ಹಾಕಿ ಹೊಡೆದ್ರೂ ಅಲ್ಲೇ ಇರುತ್ತೆ. ಪಕ್ಕದೋರದ್ದೂ ಶುರುವಾಗಿದೆ. ನಮ್ಮ ಗಿಡದ ರೋಗಾನೂ ಕಲ್ತ್‌ಬಿಟ್ಟಿದೆ." ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಗೆ ಸರಿಸಿದ. "ನಿಂಗೆ ಡಾಕ್ಟರು ಈ ಸಲ ಏನಂದ್ರು?"

"ಹೊಸ ಔಷಧಿ ಏನೋ ಬರ್ತಿದೆಯಂತೆ. ಬರೋವರೆಗೂ ಹುಷಾರಾಗಿರಿ ಅಂದ್ರು."

"ನಮ್ ಔಷಧಿ ಅಂಗಡಿಯವನೂ ಅದನ್ನೇ ಅಂದ" ಅಂದ ಮುನಿರಾಜು.

ನನಗೆ ತಡೆಯಲಾರದಷ್ಟು ನಗು ಬಂತು. ಅವನಿಗೂ ಬಂತು. ಇಬ್ಬರೂ ಹುಚ್ಚು ಹಿಡಿದವರ ಹಾಗೆ ನಕ್ಕೆವು, ಶಂಕರ್ ಒಳಗಿನಿಂದ ಬಂದು ಏನಾಯಿತು ಎಂದು ನಿಂತರು. ನಗು ಕೆಮ್ಮಿಗೆ ತಿರುಗಿತು. ಮುನಿರಾಜು ಎಂಜಲು ಕೈಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಕೈಯಿಂದ ನನ್ನ ಬೆನ್ನು ಸವರುತ್ತಾ, ಕರವಸ್ತ್ರದಲ್ಲಿ ಏನು ಬರುತ್ತದೋ ಎಂದು ನನ್ನ ಜೊತೆಗೇ ನೋಡುತ್ತಾ ನಿಂತ.